ಕಾರ್ನರ್‌ನಲ್ಲಿ ಎರಡು ನಿಮಿಷ

ಕೊಡಗು ಅಂದ ತಕ್ಷಣ ನಮಗೆ ನೆನಪಾಗೋದು ಕಾಫಿ, ಹೋಂಸ್ಟೇ, ಮಿಲಿಟರಿ, ಹಾಕಿ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ... ಪಟ್ಟಿ ಉದ್ದ ಇದೆ. ಅದೇ ಮಣ್ಣಿನ ಬಾಕ್ಸಿಂಗ್ ಕೋಚ್ ಸಿ.ಎ. ಕುಟ್ಟಪ್ಪ ಅವರ ಹೆಸರು ಎಷ್ಟು ಜನಕ್ಕೆ ಗೊತ್ತೋ! ಸೇನೆಯಿಂದ ಬಂದವರು, 2018ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪಡೆದವರು, ಭಾರತದ ಪುರುಷರ ತಂಡದ ಮುಖ್ಯ ಕೋಚ್ ಆಗಿದ್ದವರು. ಅವರ ವೃತ್ತಿಬದುಕು ನೋಡಿದಾಗೆಲ್ಲ ನನಗೊಂದು ಪ್ರಶ್ನೆ ಕಾಡುತ್ತೆ. ಇನ್ನೊಬ್ಬರ ಕೈಯಲ್ಲಿರೋ ಫಲಿತಾಂಶಕ್ಕೆ ನಾವೆಷ್ಟು ಹೊಣೆ?

ಲೆಕ್ಕ ಹಾಕಿ. ಮೂರು ನಿಮಿಷದ ಮೂರು ರೌಂಡು, ನಡುವೆ ಒಂದೊಂದು ನಿಮಿಷದ ಬಿಡುವು. ಅಂದ್ರೆ ವರ್ಷಗಟ್ಟಲೆ ಪಟಿಯಾಲದ ಕ್ಯಾಂಪಲ್ಲಿ ಬೆವರು ಹರಿಸಿದ ಮೇಲೆ, ಪಂದ್ಯದ ದಿನ ಕೋಚ್‌ಗೆ ಹುಡುಗನ ಎದುರು ನಿಂತು ಮಾತಾಡೋಕೆ ಸಿಗೋದು ಒಟ್ಟು ಎರಡೇ ನಿಮಿಷ. ಅದರಲ್ಲೂ ನೀರು ಕುಡಿಸಬೇಕು, ಮುಖ ಒರೆಸಬೇಕು.

2019ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅಮಿತ್ ಪಂಘಾಲ್‌ಗೆ ಬೆಳ್ಳಿ, ಮನೀಶ್ ಕೌಶಿಕ್‌ಗೆ ಕಂಚು. ಒಂದೇ ಕೂಟದಲ್ಲಿ ಭಾರತದ ಪುರುಷರಿಗೆ ಎರಡು ಪದಕ ಬಂದದ್ದು ಅದೇ ಮೊದಲು. ಎರಡು ವರ್ಷದ ನಂತರ ಟೋಕಿಯೊ. ಐದು ಜನ ಹೋದರು, ನಾಲ್ವರು ತಮ್ಮ ಮೊದಲ ಪಂದ್ಯದಲ್ಲೇ ಸೋತರು. ನಂಬರ್ ಒನ್ ಅನ್ನಿಸಿಕೊಂಡಿದ್ದ ಪಂಘಾಲ್ ಕೂಡ. ಕೆಲವೇ ತಿಂಗಳಲ್ಲಿ ಕುಟ್ಟಪ್ಪ ಜಾಗಕ್ಕೆ ಬೇರೆಯವರು ಬಂದರು. ಆಮೇಲೆ ಮತ್ತೆ ಅವರನ್ನೇ ಕರೆದರು. 2023ರಲ್ಲಿ ತಾಷ್ಕೆಂಟ್‌ನಲ್ಲಿ ಮೂರು ಕಂಚು! ಮನುಷ್ಯ ಅದೇ, ಕಾರ್ನರ್ ಅದೇ.

ಇಲ್ಲಿ 'ಪಾಪ ಕೋಚ್, ಅವರೇನು ಮಾಡ್ತಾರೆ' ಅನ್ನೋದು ಸುಲಭ. ಆದರೆ ಹಾಗಂದ ಕೂಡಲೇ ಪ್ರಶಸ್ತಿಯನ್ನೂ ವಾಪಸ್ ಕೊಡಬೇಕಾಗುತ್ತಲ್ಲ? ಸೋಲು ಹುಡುಗರದ್ದಾದ್ರೆ ಗೆಲುವೂ ಅವರದ್ದೇ. ಬೆಳ್ಳಿಗೆ ಪಾಲು ಕೇಳಿ ಬರಿಗೈಗೆ ಕೈ ತೊಳೆದುಕೊಳ್ಳೋ ಹಾಗಿಲ್ಲ. (ಪಾಲಿನ ವಿಚಾರದಲ್ಲಿ, ಬೆರಳನ್ನೇ ಕೇಳಿದ ಗುರುವಿನ ಹೆಸರಲ್ಲಿ ನಾವು ಪ್ರಶಸ್ತಿ ಇಟ್ಟಿದ್ದೀವಿ, 1985ರಿಂದ. ಏಕಲವ್ಯನಿಗೆ ಏನನ್ನಿಸುತ್ತಿತ್ತೋ.) ನಮ್ಮ ಅಪ್ರೈಸಲ್ ಮೀಟಿಂಗುಗಳಲ್ಲಿ ನಡೆಯೋದೂ ಇದೇ ತಾನೇ? ಪ್ರಾಜೆಕ್ಟ್ ಗೆದ್ದಾಗ 'ನಾನು ಡ್ರೈವ್ ಮಾಡಿದೆ', ಬಿದ್ದಾಗ 'ಟೀಮ್ ಡೆಲಿವರ್ ಮಾಡಲಿಲ್ಲ'.

ಹಾಗಾದ್ರೆ ಕೋಚ್‌ನದ್ದು ಅಂತ ಉಳಿಯೋದೇನು? ಟೋಕಿಯೊದಲ್ಲೇ ಅದಕ್ಕೊಂದು ಉದಾಹರಣೆ ಇದೆ. ಆ ಐವರಲ್ಲಿ ಒಂದು ಪಂದ್ಯ ಗೆದ್ದ ಒಬ್ಬನೇ ಒಬ್ಬ ಸತೀಶ್ ಕುಮಾರ್. ಆ ಪಂದ್ಯದಲ್ಲಿ ಮುಖ ಸೀಳಿ, ಹಣೆಗೂ ಗದ್ದಕ್ಕೂ ಸೇರಿ 13 ಹೊಲಿಗೆ ಬಿತ್ತು. ಮುಂದಿನ ಎದುರಾಳಿ ಉಜ್ಬೇಕಿಸ್ತಾನದ ಜಲೋಲೊವ್, ಆ ತೂಕದ ವಿಶ್ವ ಚಾಂಪಿಯನ್. ವೈದ್ಯರು ಸರಿ ಅಂದರು, ಸತೀಶ್ ರಿಂಗಿಗಿಳಿದ, ಸೋತ. ದೇಶವೇ ಚಪ್ಪಾಳೆ ತಟ್ಟಿತು. ಅಕಸ್ಮಾತ್ ಕಣ್ಣಿಗೆ ಪೆಟ್ಟಾಗಿದ್ದರೆ ಅದೇ ಬಾಯಿಗಳು 'ಕಳಿಸಿದ್ದು ಯಾರು?' ಅಂತ ಕೇಳ್ತಿದ್ದವು. ನಿರ್ಧಾರ ಒಂದೇ, ಅದು ವೀರತನವೋ ಅಪರಾಧವೋ ಅಂತ ತೀರ್ಮಾನಿಸೋದು ಮಾತ್ರ ಎದುರಾಳಿಯ ಎಡಗೈ ಎಲ್ಲಿ ಬಿತ್ತು ಅನ್ನೋದು.

ನನಗೇನೋ ಕೋಚ್‌ನ ನಿಜವಾದ ಕೆಲಸ ಇರೋದು ಇಲ್ಲೇ ಅನ್ನಿಸುತ್ತೆ. ಪಂದ್ಯದ ಹಿಂದಿನ ರಾತ್ರಿ, ಆಡಿಯೇ ತೀರ್ತೀನಿ ಅಂತ ಹಟ ಹಿಡಿದವನ ಮುಂದೆ ಕೂತು, ಅವನ ಧೈರ್ಯಕ್ಕೂ ಅವನ ಮುಂದಿನ ನಲವತ್ತು ವರ್ಷಕ್ಕೂ ತೂಕ ಹಾಕೋದು. ಅದಕ್ಕೆ ಅಂಕ ಕೊಡೋ ಜಡ್ಜ್‌ಗಳಿಲ್ಲ. ಬೇಡ ಅಂದ್ರೆ ಹುಡುಗ ಜೀವನಪೂರ್ತಿ ಕ್ಷಮಿಸದೇ ಇರಬಹುದು, ಸರಿ ಅಂದ್ರೆ ಅವನ ತಾಯಿ.

ನಮ್ಮಲ್ಲೂ ರಿಲೀಸ್ ರಾತ್ರಿ ಜ್ವರ ಇಟ್ಕೊಂಡು ಲಾಗಿನ್ ಆಗೋ ಹುಡುಗರಿದ್ದಾರೆ. ಬೆಳಿಗ್ಗೆ 'ಗ್ರೇಟ್ ಕಮಿಟ್‌ಮೆಂಟ್' ಅಂತ ಎಲ್ಲರಿಗೂ ಮೇಲ್ ಹಾಕೋ ಮ್ಯಾನೇಜರ್ ಕೂಡ ರಾತ್ರಿಯೇ ಅವನನ್ನ ನೋಡಿರ್ತಾನೆ.