ಒಂದೇ ಮೈಯ ಎರಡು ಉಡುಗೆ

ಹಳೆಯ ಕಾಲದ ಉಡುಗೆ-ತೊಡುಗೆಗಳ ಪ್ರದರ್ಶನಕ್ಕೆ ಕಾಲಿಟ್ಟರೆ ಮೊದಲು ಎದುರಾಗುವುದು ಮಬ್ಬುಗತ್ತಲು. ಹಳೆಯ ಜವಳಿಯ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ವಸ್ತುಸಂಗ್ರಹಾಲಯಗಳ ರೂಢಿ. ಬೆಳಕು ಬಣ್ಣವನ್ನು ತಿನ್ನುತ್ತದೆ, ನೂಲನ್ನು ಸಡಿಲಿಸುತ್ತದೆ. ನಾಲ್ಕು ಜನ ನೋಡಲೆಂದೇ ನೇಯ್ದ ಸೀರೆ ನೋಟಕ್ಕೆ ಸಿಕ್ಕಷ್ಟೂ ಸವೆಯುತ್ತದೆ ಎಂಬುದೇ ನನಗೊಂದು ಬೆರಗು.

ಹಾಗಾದರೆ ಎಂಟುನೂರು ವರ್ಷ ಹಿಂದಿನವರ ಸಿಂಗಾರವನ್ನು ಎಲ್ಲಿ ನೋಡುವುದು? ನಮ್ಮ ಬಿಸಿಲು ಮಳೆಗೆ ಹತ್ತಿಯ ಬಟ್ಟೆ ಅಷ್ಟು ಕಾಲ ಬಾಳದು. ಆ ಸಿಂಗಾರವನ್ನು ಉಳಿಸಿಕೊಟ್ಟದ್ದು ಕಲ್ಲು. ಬೇಲೂರಿನ ದರ್ಪಣಸುಂದರಿ ಶಿಲ್ಪದ ಒಡವೆಗಳನ್ನು ಇಂದಿಗೂ ಒಂದೊಂದಾಗಿ ಗುರುತಿಸಬಹುದು. ಹೊಯ್ಸಳ ಶಿಲ್ಪಿಗಳು ಸರ, ತೋಳಬಂದಿ, ಡಾಬುಗಳನ್ನು ಆಳವಾಗಿ ಕೊರೆದರು. ಬಟ್ಟೆಯನ್ನು ಮಾತ್ರ ಅಂಚಿನ ಗೆರೆ, ನಿರಿಗೆಗಳಲ್ಲೇ ಸೂಚಿಸಿದರು. ನೂಲು ಎಷ್ಟು ನಯವೆಂದು ಕಲ್ಲಿನಿಂದಲೇ ಹೇಳಿಸಿದರು.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುವುದು ಹರಿಹರ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಗರ್ಭಗುಡಿಯ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಹರಿಹರ ಮೂರ್ತಿಯ ಲಕ್ಷಣವೇ ಅದು: ತಲೆಯ ಅರ್ಧ ಜಟೆ, ಉಳಿದರ್ಧ ಕಿರೀಟ. ಶಿವ ಅಭಿಷೇಕಪ್ರಿಯ, ವಿಷ್ಣು ಅಲಂಕಾರಪ್ರಿಯ ಎನ್ನುತ್ತೇವೆ. ಬೂದಿ ಬಳಿದುಕೊಂಡು ತೊಗಲುಟ್ಟವನೂ ಪೀತಾಂಬರ ಉಟ್ಟವನೂ ಇಲ್ಲಿ ಒಂದೇ ಮೈ. ಎರಡು ಬಟ್ಟೆ ಸೇರುವಲ್ಲಿ ಹೊಲಿಗೆ ಬೇಕೇ ಬೇಕು. ಈ ಮೈಗೆ ಹೊಲಿಗೆಯೇ ಇಲ್ಲ.

ಪಕ್ಕದ ದಾವಣಗೆರೆ ಹತ್ತಿಯ ಊರು. ಗಿರಣಿಗಳು ಮೊಳಗುತ್ತಿದ್ದ ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಪಡೆದಿತ್ತು. ಹರಿಹರದಿಂದ ಹೊಳೆ ದಾಟಿದರೆ ಕುಮಾರಪಟ್ಟಣದ ಕಾರ್ಖಾನೆ. ಅಲ್ಲಿ ಮರವನ್ನು ಬೇಯಿಸಿ ತೆಗೆದ ತಿರುಳು ಮುಂದೆ ರೇಯಾನ್ ನೂಲಾಗುತ್ತದೆ. ನಾರುಮಡಿ ಉಟ್ಟ ಋಷಿಗಳ ಕಥೆ ಕೇಳಿ ಬೆಳೆದ ನಮಗೆ ಮರ ಇಂದಿಗೂ ಬಟ್ಟೆ ಕೊಡುತ್ತಿದೆ ಎಂದರೆ ರೋಮಾಂಚನವಾಗುತ್ತದೆ.

ಆದರೆ ಈ ಸೀಮೆಯವರು ದಿನವೂ ಉಟ್ಟು ದುಡಿದ ಬಟ್ಟೆ ಎಲ್ಲಿ ಹೋಯಿತು? ಕೌದಿಯೊಳಗೆ ಹೋಯಿತು. ಸವೆದ ಸೀರೆಯನ್ನು ಒಗೆದು, ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು ಅಂಚಿನಿಂದ ನಡುವಿನವರೆಗೆ ಒತ್ತೊತ್ತಾಗಿ ಹೊಲಿಗೆ ಹಾಕುತ್ತಾರೆ. ಕೂಸು ಅದರ ಮೇಲೆ ಮಲಗುತ್ತದೆ. ಕೌದಿಯೂ ಹರಿದರೆ ಒರೆಸುವ ಬಟ್ಟೆ, ಕಡೆಗೆ ಮಣ್ಣು. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಧಾರೆ ಸೀರೆ ಉಳಿಯುತ್ತದೆ. ಹೊಲಕ್ಕೆ, ಗಿರಣಿಗೆ ಉಟ್ಟುಹೋದದ್ದು ಉಳಿಯುವುದಿಲ್ಲ. ಹಾಗಾಗಿ ಗಾಜಿನ ಪೆಟ್ಟಿಗೆಗಳಲ್ಲಿ ನಾವು ನೋಡುವುದು ಬಹುಪಾಲು ಕಿರೀಟದ ಅರ್ಧವನ್ನೇ. ಬೂದಿಯ ಅರ್ಧ, ಮೈಗಳನ್ನು ಬೆಚ್ಚಗಿಟ್ಟು ತಾನು ಕರಗಿಹೋಗಿದೆ.

ಮದುವೆ ಮನೆಯಲ್ಲಿ ಜರಿ ಸೀರೆಯುಟ್ಟು ಬೆಳಗಿದವಳೇ ಮನೆಗೆ ಮರಳಿದೊಡನೆ ಒಗೆದೊಗೆದು ಮೆತ್ತಗಾದ ನೂಲಿನ ಸೀರೆ ಹುಡುಕುತ್ತಾಳೆ. ಮೆರೆಯುವ ಆಸೆಯೂ ಹಗುರಾಗುವ ಆಸೆಯೂ ಅವಳವೇ. ಹರಿಹರದ ಮೂರ್ತಿ ಇವೆರಡರಲ್ಲಿ ಒಂದನ್ನು ಮೇಲು ಮಾಡಿಲ್ಲ, ಇನ್ನೊಂದನ್ನು ಕೀಳು ಮಾಡಿಲ್ಲ. ಯಾವ ಕಾಲದ ಉಡುಗೆಯ ಕಥೆ ಹೇಳಹೊರಟವರೂ ಪೀತಾಂಬರದ ಪಕ್ಕದಲ್ಲೇ ಒಂದು ಕೌದಿಯನ್ನೂ ಹಾಸಬೇಕು. ಆಗಲೇ ಆ ಕಾಲದ ಮನುಷ್ಯ ಪೂರ್ತಿ ಕಾಣುತ್ತಾನೆ.