ಕೆಲಸಕ್ಕೆ ಬಾರದ ಕಲ್ಲು

ಯಾರನ್ನಾದರೂ ಮನಸ್ಸಿನಿಂದ ಕೈಬಿಡುವ ಮುನ್ನ ನಾವು ಆಡುವ ಮಾತೊಂದಿದೆ: ‘ಕೆಲಸಕ್ಕೆ ಬಾರದವನು’. ಅವನ ನಗು, ಅಕ್ಕರೆ, ಹಂಬಲ ಯಾವುದೂ ಆಗ ಲೆಕ್ಕಕ್ಕೆ ಬರುವುದಿಲ್ಲ. ಜಪಾನಿನ ‘ಹೋಸೆಕಿ ನೋ ಕುನಿ’ ಎಂಬ ಅನಿಮೆ ಸರಣಿಯನ್ನು ನೋಡಿದಂದಿನಿಂದ ಆ ಮಾತು ನನ್ನ ನಾಲಿಗೆಯ ಮೇಲೆ ಮೊದಲಿನಷ್ಟು ಸಲೀಸಾಗಿ ಹೊರಳುತ್ತಿಲ್ಲ.

ಹರುಕೋ ಇಚಿಕಾವಾ ಅವರ ಮಾಂಗಾವನ್ನು ಆಧರಿಸಿ ಆರೆಂಜ್ ಸ್ಟುಡಿಯೋ 2017ರಲ್ಲಿ ರೂಪಿಸಿದ 12 ಕಂತುಗಳ ಕತೆ ಇದು. ಮನುಷ್ಯರು ಅಳಿದು ಎಷ್ಟೋ ಕಾಲವಾದ ಮೇಲೆ ಒಂದು ದ್ವೀಪದಲ್ಲಿ 28 ರತ್ನಗಳು ಜೀವತಳೆದು, ಒಬ್ಬ ಗುರುವಿನ ಆಸರೆಯಲ್ಲಿ ಬಾಳುತ್ತಿವೆ. ಅವನ್ನು ಒಡೆದು ಒಡವೆ ಮಾಡಿಕೊಳ್ಳಲು ಚಂದ್ರನಿಂದ ಇಳಿದುಬರುವವರ ರೂಪವೋ, ಮೋಡದ ಮೇಲೆ ಪರಿವಾರದೊಡನೆ ಬರುವ ಅಮಿತಾಭ ಬುದ್ಧನ ಹಳೆಯ ಚಿತ್ರಪಟಗಳನ್ನು ನೆನಪಿಸುವಂಥದು. ಕಾಪಾಡಲು ಬರುವವರ ಹಾಗೆ ಕಾಣುವವರ ಕೈಯಲ್ಲಿ ಬಾಣ!

ಕಂಪ್ಯೂಟರಿನಲ್ಲಿ ಮಾಡಿದ ಚಿತ್ರಕ್ಕೆ ಜೀವವಿರುವುದಿಲ್ಲ ಎಂದು ಎಷ್ಟೋ ಅನಿಮೆಪ್ರಿಯರು ಹಾಗೆ ತಯಾರಾದ ಈ ಸರಣಿಯನ್ನು ನೋಡದೆಯೇ ಬಿಟ್ಟುಬಿಡುತ್ತಾರೆ. ಆದರೆ ಇಲ್ಲಿರುವುದು ಕಲ್ಲು. ಬೆಳಕು ಈ ರತ್ನಗಳ ಕೂದಲೊಳಗೆ ಹೊಕ್ಕು, ಚೂರಾಗಿ, ಬಣ್ಣವಾಗಿ ಹೊರಬರುವ ಬೆಡಗನ್ನು, ಏಟು ಬಿದ್ದಾಗ ಮೈ ಗಾಜಿನಂತೆ ಒಡೆದು ಹುಲ್ಲಿನ ಮೇಲೆ ಚೆಲ್ಲುವುದನ್ನು ಕೈಯಲ್ಲಿ ಬರೆದ ಗೆರೆ ಇಷ್ಟು ನಿಜವಾಗಿ ತೋರಿಸೀತೆಂದು ನನಗನಿಸುವುದಿಲ್ಲ.

ಫಾಸ್ ಎಲ್ಲರಿಗಿಂತ ಕಿರಿಯ ರತ್ನ. ವಯಸ್ಸು 300 ವರ್ಷವಷ್ಟೇ. ಗಡಸುತನ ಮೂರೂವರೆ, ವಜ್ರದ್ದು ಹತ್ತು. ತಟ್ಟಿದರೆ ಒಡೆಯುವ ಈ ಜೀವ ಯುದ್ಧಕ್ಕೆ ಬೇಡ, ಬೇರೆ ಕೆಲಸಕ್ಕೂ ಒಗ್ಗದು. ರತ್ನಗಳಿಗೆ ಹೆಣ್ಣು ಗಂಡೆಂಬ ಭೇದವಿಲ್ಲವಾದ್ದರಿಂದ ನಾನು ‘ಅದು’ ಎನ್ನಬೇಕಾಗಿದೆ; ಹಾಗೆಂದರೆ ವಸ್ತುವಾಗಿಸಿದಂತಲ್ಲ. ‘ಪಾಪ, ಅದಕ್ಕೆ ಹಸಿವಾಗಿದೆ’ ಎಂದು ಮಗುವಿನ ಬಗ್ಗೆ ನಮ್ಮ ತಾಯಂದಿರು ಹೇಳುವಾಗಿನ ‘ಅದು’ ಇದು.

ಇನ್ನೊಂದು ರತ್ನ ಸಿನಬಾರ್, ನಮ್ಮ ಇಂಗಳೀಕ, ಪಾದರಸದ ಅದಿರು. ಅದರ ಮೈಯಿಂದ ಒಸರುವ ಬೆಳ್ಳಿಬಣ್ಣದ ವಿಷ ಬಿದ್ದಲ್ಲಿ ಹುಲ್ಲು ಸಾಯುತ್ತದೆ. ಅದಕ್ಕೇ ಅದು ಎಲ್ಲರಿಂದ ದೂರ ಉಳಿದು, ಶತ್ರುಗಳು ಹೆಚ್ಚುಕಡಿಮೆ ಬಾರದೇ ಇರುವ ರಾತ್ರಿಯಲ್ಲಿ ಒಂಟಿಯಾಗಿ ಕಾವಲು ತಿರುಗುತ್ತದೆ. ಚಂದ್ರನವರು ಬಂದು ತನ್ನನ್ನು ಒಯ್ದರೆ ಸಾಕೆಂದು ಕಾಯುತ್ತಿದೆ. ಒಬ್ಬರಿಗಾದರೂ ತಾನು ಬೇಕಾದೇನೆ ಎಂಬ ಆಸೆ ಎಷ್ಟು ಆಳದ್ದಿದ್ದರೆ, ಕದ್ದೊಯ್ಯುವವರ ದಾರಿಯನ್ನೂ ಹೀಗೆ ಕಾಯಬೇಕು! ನಿನಗೆ ಮಾತ್ರ ಸಾಧ್ಯವಾಗುವ, ಇದಕ್ಕಿಂತ ಒಳ್ಳೆಯ ಕೆಲಸವನ್ನು ನಾನೇ ಹುಡುಕಿಕೊಡುತ್ತೇನೆ ಎಂದು ಅದಕ್ಕೆ ಮಾತು ಕೊಡುವುದು ಕೈಯಲ್ಲಿ ಏನೂ ಇಲ್ಲದ ಫಾಸ್. ನೆಟ್ಟಗೆ ಒಂದು ಕೆಲಸ ಮಾಡಲಾರದವರಿಗೇ ಇನ್ನೊಬ್ಬರ ಒಂಟಿತನ ಅಷ್ಟು ಬೇಗ ಅರ್ಥವಾಗುತ್ತದೆಯೇ?

ಆಮೇಲಿನದು ಕಳೆದುಕೊಳ್ಳುವ ಕತೆ. ಫಾಸ್‌ನ ಕಾಲು ಹೋಗಿ ಅಗೇಟಿನ ಕಾಲು ಬರುತ್ತದೆ, ವೇಗ ಸಿಗುತ್ತದೆ. ಕೈ ಹೋಗಿ ಚಿನ್ನ ಮತ್ತು ಪ್ಲಾಟಿನಂ ಬೆರೆತ ಕೈ ಬರುತ್ತದೆ, ಬಲ ಸಿಗುತ್ತದೆ. ರತ್ನಗಳ ನೆನಪು ಮೈಯ ಕಣಕಣದಲ್ಲಿ ಹುದುಗಿರುವುದರಿಂದ, ತುಂಡು ಹೋದಾಗೆಲ್ಲ ಒಂದಿಷ್ಟು ನೆನಪೂ ಹೋಗುತ್ತದೆ. ಉಳಿದವರೆಲ್ಲ ನಿದ್ರಿಸುವ ಚಳಿಗಾಲದಲ್ಲಿ ಜೊತೆಗಿದ್ದ ಆಂಟಾರ್ಕ್ ಎಂಬ ರತ್ನ, ಶತ್ರುಗಳ ಏಟಿಗೆ ಸಿಕ್ಕಿ ಒಡೆಯುವ ಗಳಿಗೆಯಲ್ಲಿ, ತುಟಿಯ ಮೇಲೆ ಬೆರಳಿಟ್ಟು ಫಾಸ್‌ಗೆ ಸದ್ದು ಮಾಡಬೇಡವೆನ್ನುತ್ತದೆ. ಅದು ಹೋದ ಮೇಲೆ ಫಾಸ್‌ನ ಕಣ್ಣಿಂದ ಕರಗಿದ ಚಿನ್ನ ಇಳಿಯುತ್ತದೆ. ಆ ದೃಶ್ಯವನ್ನು ನಾನು ಮೂರು ಬಾರಿ ನೋಡಿದೆ; ಮೂರು ಬಾರಿಯೂ ಮುಂದಿನದನ್ನು ಆ ದಿನವೇ ನೋಡಲಾಗಲಿಲ್ಲ.

ವಸಂತದಲ್ಲಿ ಉಳಿದವರು ಎಚ್ಚರಗೊಂಡಾಗ ಕಾಣುವುದು ಹರಟೆಮಲ್ಲ ಫಾಸ್ ಅಲ್ಲ, ಕೂದಲು ಮೋಟಾಗಿಸಿಕೊಂಡ, ಮಾತು ಕಡಿಮೆಯಾದ, ಹೋರಾಡಬಲ್ಲ ಒಬ್ಬ ಯೋಧ. ಈಗ ಯಾರೂ ಅದನ್ನು ಕೆಲಸಕ್ಕೆ ಬಾರದ್ದು ಎನ್ನುವಂತಿಲ್ಲ. ನನಗೋ ಆ ಹಳೆಯ ಗೊಣಗು, ಸೋಮಾರಿತನ, ಹುಚ್ಚು ಉತ್ಸಾಹ ಎಲ್ಲ ಬೇಕೆನಿಸಿತು. ನಮ್ಮ ಮನೆಗಳಲ್ಲೂ ಮಕ್ಕಳು ‘ಸರಿಹೋದರು’ ಎಂದು ನಾವು ನಿಟ್ಟುಸಿರು ಬಿಡುವಾಗ ಅವರೊಳಗೆ ಏನು ಒಡೆದಿರಬಹುದೆಂದು ಕೇಳಿದ್ದೇವೆಯೇ?

ಕೊನೆಯ ಕಂತಿನಲ್ಲಿ ಫಾಸ್ ಸಿನಬಾರ್‌ನ ಬಳಿಗೆ ಕೆಲಸವೊಂದನ್ನು ಹೊತ್ತು ಬರುತ್ತದೆ. ಅದು ಸುಖದ ಕೆಲಸವಲ್ಲ. ತಮ್ಮನ್ನು ಸಾಕಿದ ಗುರು ಮುಚ್ಚಿಟ್ಟಿರುವ ಸತ್ಯವನ್ನು ಜೊತೆಯಾಗಿ ಹುಡುಕುವುದು. ಮಾತು ಕೊಟ್ಟ ದಿನ ಅಲ್ಲಿಗೆ ನಡೆದುಹೋಗಿದ್ದ ಕಾಲುಗಳು ಈಗಿಲ್ಲ, ಆ ಕೈಗಳೂ ಇಲ್ಲ. ಬಂದು ನಿಂತಿರುವುದು ಮಾತ್ರ ಅದೇ ಫಾಸ್.