ಜಲಪಾತ ತೀರ್ಥವಾಗುವುದು ಯಾವುದರಿಂದ?

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ಜಲಪಾತಗಳಲ್ಲಿ ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿ ಮತ್ತು ಕನಕಪುರದ ಆಚೆಗಿನ ಚುಂಚಿ ಹೆಸರಾದವು. ಮೊದಲಿನವೆರಡು ಕಾವೇರಿಯವು, ಕೊನೆಯದು ಅರ್ಕಾವತಿಯದು. ಶಿವನಸಮುದ್ರಕ್ಕೆ ಹೋದವರು ಧುಮುಕುವ ನೀರನ್ನು ಕಣ್ತುಂಬ ನೋಡಿ, ಮಧ್ಯರಂಗನ ದರ್ಶನವನ್ನೂ ಮಾಡಿ ಬರುತ್ತಾರೆ. ಒಂದೇ ದಿನದ ಪಯಣದಲ್ಲಿ ವಿಹಾರವೂ ಯಾತ್ರೆಯೂ ಹೀಗೆ ಬೆರೆತುಹೋಗುವುದರಿಂದ ಒಂದು ಪ್ರಶ್ನೆ ಏಳುತ್ತದೆ: ನೀರಿರುವ ಜಾಗ ತೀರ್ಥವಾಗುವುದು ಯಾವುದರಿಂದ?

ಮಹಾಭಾರತದ ಅನುಶಾಸನ ಪರ್ವ ಇದಕ್ಕೆ ಮೂರು ಕಾರಣಗಳನ್ನು ಹೇಳುತ್ತದೆ. ಒಂದು, ನೆಲದ ಅದ್ಭುತ ಪ್ರಭಾವ. ಎರಡು, ನೀರಿನ ತೇಜಸ್ಸು. ಮೂರು, ಮುನಿಗಳ ಪರಿಗ್ರಹ, ಅಂದರೆ ಸಾಧಕರು ಆ ಜಾಗವನ್ನು ಒಪ್ಪಿಕೊಂಡು ಅಲ್ಲಿ ಬಾಳಿದ್ದು. ಮೊದಲಿನ ಎರಡು ಪ್ರಕೃತಿಯಿಂದಲೇ ದೊರೆಯುತ್ತವೆ. ಮೂರನೆಯದನ್ನು ಮನುಷ್ಯರು ತಮ್ಮ ನಡತೆಯಿಂದ ಕೂಡಿಸಬೇಕು.

ನೆಲದ ಪ್ರಭಾವವನ್ನು ಕಾಣಲು ಬೆಂಗಳೂರಿಗರು ಊರು ಬಿಡಬೇಕಿಲ್ಲ. ಲಾಲ್‌ಬಾಗಿನ ಬಂಡೆ ಭೂಗರ್ಭದ ಕಾವಿನಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ ರೂಪುಗೊಂಡ ನೈಸ್ ಶಿಲೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಶಿವನಸಮುದ್ರದಲ್ಲಿ ಕಾವೇರಿ ಕೊರೆಯುತ್ತಿರುವುದೂ ಇಂಥದೇ ಪ್ರಾಚೀನ ಗಟ್ಟಿ ಶಿಲೆಯನ್ನು. ತೈತ್ತಿರೀಯ ಉಪನಿಷತ್ತು ಸೃಷ್ಟಿಕ್ರಮ ಹೇಳುವಾಗ ಅಗ್ನಿಯಿಂದ ನೀರನ್ನೂ ನೀರಿನಿಂದ ಪೃಥ್ವಿಯನ್ನೂ ಹುಟ್ಟಿಸುತ್ತದೆ. ಆ ಕ್ರಮ ಭೂವಿಜ್ಞಾನದ ಲೆಕ್ಕವಲ್ಲ; ಆದರೆ ಬೆಂಕಿ, ನೀರು, ಕಲ್ಲು ಒಂದೇ ಮೂಲದ ಸಂತಾನವೆಂಬ ಅದರ ಅರಿವು ಜಲಪಾತದ ಮುಂದೆ ನಿಂತವರಿಗೆ ಬೇಗ ಮನದಟ್ಟಾಗುತ್ತದೆ.

ನೀರಿನ ತೇಜಸ್ಸಿಗೆ ಪುರಾಣ ಕೊಡುವ ನಿದರ್ಶನ ಗಂಗಾವತರಣ. ಆಕಾಶದಿಂದ ಬಿದ್ದ ಗಂಗೆಯ ವೇಗವನ್ನು ಭೂಮಿ ತಾಳಲಾರದು. ಶಿವ ಜಟೆಯಲ್ಲಿ ತಡೆದು, ಅಳತೆಯಾಗಿ ಹರಿಯಬಿಟ್ಟ ಮೇಲೆಯೇ ಅದು ಲೋಕಕ್ಕೆ ಒಳಿತಾಯಿತು. ಗವಿಪುರದ ಗುಹಾಲಯದಲ್ಲಿ ಪೂಜೆಗೊಳ್ಳುವುದು ಈ ಗಂಗಾಧರನೇ. ರಭಸವನ್ನು ಕಂಡು ಬೆರಗಾಗುವುದು ಸಹಜ. ಅದನ್ನು ಹೊರುವ ಹೊಣೆಯೂ ಒಂದಿದೆ ಎಂದು ಈ ಕಥೆ ಕಲಿಸುತ್ತದೆ.

ಮೂರನೆಯ ಕಾರಣವಾದ ಪರಿಗ್ರಹವೇ ಹೆಚ್ಚು ಚರ್ಚೆಗೆ ಒಳಗಾದದ್ದು. ಕೈ, ಕಾಲು, ಮನಸ್ಸುಗಳನ್ನು ಹತೋಟಿಯಲ್ಲಿಟ್ಟವನಿಗೆ ಮಾತ್ರ ತೀರ್ಥದ ಫಲ ಎಂದು ವನಪರ್ವ ಹೇಳುತ್ತದೆ. ಸತ್ಯ, ಕ್ಷಮೆ, ಇಂದ್ರಿಯನಿಗ್ರಹ, ದಯೆಗಳನ್ನೇ ಮಾನಸ ತೀರ್ಥಗಳೆಂದು ಸ್ಕಾಂದ ಪುರಾಣದ ಕಾಶೀಖಂಡ ಎಣಿಸುತ್ತದೆ. ಕನ್ನಡದಲ್ಲಿ ಈ ವಿಚಾರವನ್ನು ಹರಿತಗೊಳಿಸಿದವರು ಶರಣರು. ನೀರು ಕಂಡಲ್ಲೆಲ್ಲ ಮುಳುಗುವ ಭಕ್ತಿಯನ್ನು ಬಸವಣ್ಣನವರು ನೇರವಾಗಿ ಪ್ರಶ್ನಿಸಿದರು. ಒಳಗಿನ ಕೊಳೆ ತೊಳೆಯದ ಸ್ನಾನದಿಂದೇನು ಎಂದು ಪುರಂದರದಾಸರೂ ಕೇಳಿದರು. ಇವರು ನೀರನ್ನು ಹೀಗಳೆಯಲಿಲ್ಲ. ನಡತೆಯ ಹೊಣೆಯನ್ನು ನೀರಿನ ಮೇಲೆ ಹೊರಿಸುವ ಜಾಣತನವನ್ನು ಒಪ್ಪಲಿಲ್ಲ.

ಈ ಮಾತಿನ ತೂಕ ತಿಳಿಯಲು ಬಸವನಗುಡಿಯ ನೀರಿನ ದಾರಿಯನ್ನು ನೋಡಬೇಕು. ಸ್ನಾನ ಮಾಡುವಾಗ ಬಿಂದಿಗೆಯ ನೀರಿಗೆ ಗಂಗೆ, ಯಮುನೆ, ಕಾವೇರಿ ಮೊದಲಾದ ಏಳು ನದಿಗಳನ್ನು ಆವಾಹಿಸುವ ರೂಢಿ ಇಲ್ಲಿನ ಅನೇಕ ಮನೆಗಳಲ್ಲಿದೆ. 1974ರಿಂದ ಈಚೆಗೆ ಕಾವೇರಿಯಂತೂ ಕರೆಯುವ ಮೊದಲೇ ಬಂದಿರುತ್ತಾಳೆ. ಶಿವನಸಮುದ್ರದ ಬಳಿ ನದಿಯಿಂದ ಎತ್ತಿದ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೇರಿ, 100 ಕಿಲೋಮೀಟರಿನಷ್ಟು ದೂರ ಸಾಗಿ ಊರಿನ ನಲ್ಲಿಗೆ ಬರುತ್ತದೆ. ಬಸವನಗುಡಿಯಲ್ಲಿ ಬಳಸಿದ ಮೇಲೆ ಅದರ ಬಹುಪಾಲು ವೃಷಭಾವತಿ ನದಿಗೆ ಸೇರುತ್ತದೆ.

ವೃಷಭಾವತಿಯೂ ತೀರ್ಥವೇ. ಬಸವನಗುಡಿಯ ನಂದಿ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿದ ನದಿ ಎಂಬ ನಂಬಿಕೆಯಿಂದಲೇ ಅದಕ್ಕೆ ಆ ಹೆಸರು. ಮಲ್ಲೇಶ್ವರದಲ್ಲಿ, ಕಾಡು ಮಲ್ಲೇಶ್ವರನ ಗುಡಿಯ ಎದುರು, ಹಲವು ಮೆಟ್ಟಿಲು ಇಳಿದರೆ, ಇದೇ ನದಿಯ ಇನ್ನೊಂದು ಮೂಲವೆಂದು ನಂಬಲಾದ ನಂದಿ ತೀರ್ಥವಿದೆ. ಅಲ್ಲಿ ಕಲ್ಲಿನ ನಂದಿಯ ಬಾಯಿಂದ ಸಣ್ಣ ಧಾರೆಯೊಂದು ಕೆಳಗಿನ ಲಿಂಗದ ಮೇಲೆ ಬಿದ್ದು, ಮುಂದಿನ ಕಲ್ಯಾಣಿಗೆ ಸೇರುತ್ತದೆ. ಭಕ್ತರು ಆ ನೀರನ್ನು ಅಂಗೈಯಲ್ಲಿ ಹಿಡಿದು ತಲೆಗೆ ಪ್ರೋಕ್ಷಿಸಿಕೊಳ್ಳುತ್ತಾರೆ. ಆದರೆ ಮೈಸೂರು ರಸ್ತೆಯ ಪಕ್ಕದಲ್ಲಿ ಅದೇ ವೃಷಭಾವತಿ ಕಪ್ಪಗೆ ಹರಿಯುವುದನ್ನು ಕಂಡರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತ ಆ ನೀರು ಬೈರಮಂಗಲದ ಕೆರೆಯನ್ನು ಹಾದು ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಚುಂಚಿಯಲ್ಲಿ ಧುಮುಕಿ, ಮೇಕೆದಾಟಿಗೆ ಮೊದಲು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬಸವನಗುಡಿಯಿಂದ ಚುಂಚಿ ನೋಡಲು ಹೋದವರ ಕಣ್ಣೆದುರು ಬೀಳುವ ನೀರಿನಲ್ಲಿ ಅವರದೇ ಬಚ್ಚಲ ನೀರಿನ ಪಾಲೂ ಇರುತ್ತದೆ.

ಹುಟ್ಟುವಲ್ಲಿ ತೀರ್ಥ, ನಡುವೆ ಕೊಳಚೆ, ಧುಮುಕುವಲ್ಲಿ ನೋಟ: ಒಂದೇ ನೀರಿಗೆ ಮೂರು ಬೆಲೆ ಕಟ್ಟುವ ಈ ರೂಢಿಗೆ ಶಾಸ್ತ್ರದ ಆಧಾರವಿಲ್ಲ. ನೀರಿಗೆ ಮಲಮೂತ್ರ, ಉಗುಳು ಬೆರೆಸಬಾರದೆಂದು ಮನುಸ್ಮೃತಿ ವಿಧಿಸುವಾಗ ಪುಣ್ಯನದಿ, ಸಾಮಾನ್ಯ ಹಳ್ಳ ಎಂದು ಭೇದ ಮಾಡುವುದಿಲ್ಲ. ಅನ್ನವನ್ನು ತಿರಸ್ಕರಿಸದಿರುವುದು ವ್ರತ, ನೀರೂ ಅನ್ನವೇ ಎಂದು ತೈತ್ತಿರೀಯದ ಭೃಗುವಲ್ಲಿ ಸಾರುತ್ತದೆ. ಆ ವ್ರತ ಗುಡಿಯ ಮೆಟ್ಟಿಲಿಗೆ ಮುಗಿಯುವುದಿಲ್ಲ, ಮೋರಿಯವರೆಗೂ ಸಾಗುತ್ತದೆ. ಪರಿಗ್ರಹವನ್ನು ಇಂದು ಅರ್ಥಮಾಡಿಕೊಳ್ಳಬೇಕಾದದ್ದು ಹೀಗೆ: ನೀರನ್ನು ಅದರ ಹರಿವಿನುದ್ದಕ್ಕೂ ತನ್ನದೆಂದು ಒಪ್ಪುವುದು.

ಜಲಪಾತಕ್ಕೆ ಹೋಗುವುದು ವಿಹಾರವೋ ಯಾತ್ರೆಯೋ ಎಂಬುದನ್ನು ಆದ್ದರಿಂದ ಅಲ್ಲಿನ ಗುಡಿಯಾಗಲಿ ನೀರಿನ ಎತ್ತರವಾಗಲಿ ತೀರ್ಮಾನಿಸದು. ನೆಲವೂ ನೀರೂ ತಮ್ಮ ಪಾಲನ್ನು ಎಂದೋ ಸಲ್ಲಿಸಿವೆ. ಹೋದವರು ಆ ನೀರನ್ನು ಮನೆಯಲ್ಲಿ ಹೇಗೆ ಬಳಸುತ್ತಾರೆ, ಊರಿನಿಂದ ಹೇಗೆ ಹೊರಗೆ ಕಳುಹಿಸುತ್ತಾರೆ ಎಂಬುದರ ಮೇಲೆ ಉಳಿದದ್ದು ನಿಂತಿದೆ.